ಮೇಲಿಂದ ಇಳಿದ ಕೆಸರು

ನಡೆದಾಡಿ ಬಂದ ನಾಯಿಗೆ ಕೆಸರು ಕೆಳಗಿನಿಂದ ಮೇಲಕ್ಕೆ ಹತ್ತಿರುತ್ತದೆ. ಮೊದಲು ಪಂಜ, ಆಮೇಲೆ ಮೊಣಕಾಲು, ಆಮೇಲೆ ಹೊಟ್ಟೆ. ಬೆನ್ನಿನ ಮೇಲೆ ನಾಲ್ಕು ಹನಿ ಸಿಡಿದಿರಬಹುದು, ಅಷ್ಟೆ. ಸುಭದ್ರಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ತಿಪ್ಪಸಂದ್ರದ ಅನಂತರಾಮು ಅವರ ಮನೆಯಲ್ಲಿ ಮೂರು ವರ್ಷ ದಿನವೂ ಬೆಳಿಗ್ಗೆ ನಾಯಿ ತೊಳೆದು ಅವರೇ ಕಂಡುಕೊಂಡಿದ್ದರು.

ಸುಭದ್ರಮ್ಮ ನಮ್ಮ ವಠಾರದ ಕೊನೆಯ ಕೋಣೆಯಲ್ಲಿದ್ದಾರೆ. ವಯಸ್ಸು ಐವತ್ತರ ಹತ್ತಿರ. ಊರು ಸುರಪುರದ ಕಡೆಯ ಒಂದು ಹಳ್ಳಿ. ಅವರ ತಂದೆ ಮಲ್ಲಯ್ಯ ದೇವರ ಸೇವೆಗೆ ನಿಂತ ವಗ್ಗಯ್ಯ. ಕರಿ ಕಂಬಳಿ ಹೊದ್ದು, ಸೊಂಟಕ್ಕೆ ಗಂಟೆ ಕಟ್ಟಿಕೊಂಡು, ಸೇವೆಯ ದಿನ ದೇವರ ನಾಯಿಯಾಗಿ ಬೊಗಳುತ್ತಾ ನೆಲಕ್ಕೆ ಮಂಡಿಯೂರಿ, ಕಟ್ಟಿಗೆಯ ದೋಣಿಯಲ್ಲಿಟ್ಟ ಹಾಲು ಅನ್ನದ ಬಾನಕ್ಕೆ ಬಾಯಿ ಹಾಕಿ ಉಣ್ಣುವವರು. ಆ ಮನೆಯಲ್ಲಿ ನಾಯಿಗೆ ಕಾಲು ತಾಕಿಸಿದರೂ ತಪ್ಪು ಕಾಣಿಕೆ ಇಡಬೇಕಿತ್ತು. ಅನಂತರಾಮು ಅವರ ಮನೆಗೆ ಸುಭದ್ರಮ್ಮ ಮೊದಲು ಹೋದದ್ದು ಪಾತ್ರೆ ತಿಕ್ಕುವುದಕ್ಕೆ. ನಾಯಿ ತೊಳೆಯುವ ಕೆಲಸವನ್ನು ಅವರೇ ಕೇಳಿ ತೆಗೆದುಕೊಂಡರು. ಮನೆಯ ಮಗ ಜಯಂತ್ ಅದನ್ನು ಕಾಲಿನಿಂದ ತಿವಿದು ನಲ್ಲಿಯ ಕೆಳಗೆ ತಳ್ಳುವುದನ್ನು ಅವರಿಗೆ ನೋಡಲಾಗಲಿಲ್ಲ.

ನಾಯಿಯ ಬಣ್ಣ ಬಿಳಿ, ಹೆಸರು ಕರಿಯ. ಅಗಲ ತಲೆ, ಗಿಡ್ಡ ಕೂದಲು, ಗುಂಡಾದ ಎದೆ. ದೃಷ್ಟಿಯಾಗದಿರಲಿ ಎಂದು ಅನಂತರಾಮು ಅವರೇ ಆ ಹೆಸರಿಟ್ಟಿದ್ದರು. ಅವರು ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಒಂದೇ ಕೆಲಸ ಮಾಡಿ ನಿವೃತ್ತರಾದವರು. ಬಿಡಿಭಾಗಗಳನ್ನು ದೀಪದ ಕೆಳಗಿಟ್ಟು, ಭೂತಗನ್ನಡಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕುವುದು ಆ ಕೆಲಸ. ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆದ ಮೇಲೆ ಅವರು ಮಹಡಿ ಹತ್ತುವುದಿಲ್ಲ. ಕರಿಯನನ್ನು ಕಟ್ಟುತ್ತಿದ್ದದ್ದು ಮಹಡಿಯ ಮೇಲಿನ ಕೋಣೆಯಲ್ಲಿ.

ತೊಳೆಯುವ ಜಾಗ ಮನೆಗೂ ಕಾಂಪೌಂಡಿಗೂ ನಡುವಿನ ಸಂದಿ. ಅಲ್ಲೊಂದು ನಲ್ಲಿ, ಅಲ್ಲಿಂದಲೇ ಮಹಡಿಗೆ ಮೆಟ್ಟಿಲು. ಅನಂತರಾಮು ಅವರ ಹೆಂಡತಿ ಅಂಬುಜಾ ಅವರಿಗೆ ಮಡಿ ಹೆಚ್ಚು. ಕೆಸರಿನ ನಾಯಿ ಮುಂಬಾಗಿಲ ಹೊಸ್ತಿಲು ದಾಟಕೂಡದು, ಹಾಲ್‌ನ ಬಿಳಿ ಕಲ್ಲಿನ ಮೇಲೆ ಒಂದು ಪಂಜದ ಗುರುತೂ ಬೀಳಕೂಡದು ಎಂಬುದು ಅವರ ಕಟ್ಟಪ್ಪಣೆ. ಹಾಗಾಗಿ ಕರಿಯ ಸಂದಿಯಲ್ಲೇ ಬರುತ್ತಿತ್ತು, ಸಂದಿಯಲ್ಲೇ ಶುದ್ಧವಾಗಿ, ಸಂದಿಯಲ್ಲೇ ಮೇಲೆ ಹೋಗುತ್ತಿತ್ತು.

ಸುಭದ್ರಮ್ಮನ ಕೆಲಸಕ್ಕೆ ಒಂದು ಕ್ರಮವಿದೆ. ನಾಯಿ ಬಂದ ಕೂಡಲೇ ನೀರು ಹೊಯ್ಯುವುದಿಲ್ಲ. ಮೊದಲು ಕುಡಿಯಲು ನೀರು ಇಡುತ್ತಾರೆ. ಆಮೇಲೆ ಗೋಣಿಚೀಲದ ಮೇಲೆ ನಿಲ್ಲಿಸಿ ಕೆಸರು ಒಣಗಲು ಬಿಡುತ್ತಾರೆ. ಹಸಿ ಕೆಸರನ್ನು ಉಜ್ಜಿದರೆ ಅದು ಕೂದಲ ಬುಡಕ್ಕೆ ಇಳಿಯುತ್ತದೆ. ಒಣಗಿದ್ದು ತೆಂಗಿನ ನಾರಿಗೆ ತಾನೇ ಉದುರುತ್ತದೆ. ಅನಂತರ ಒಂದೊಂದೇ ಕಾಲನ್ನು ಚೊಂಬಿನ ನೀರಿನಲ್ಲಿ ಅದ್ದಿ ಬೆರಳ ಸಂದಿ ಬಿಡಿಸುತ್ತಾರೆ. ಹೊಟ್ಟೆ ಕೊನೆಗೆ. ಕಿವಿಗೆ ನೀರು ತಾಕಿಸದೆ ಒಣ ಬಟ್ಟೆ. ಉಜ್ಜಲು ಬಲಗೈ, ಮುಳ್ಳೋ ಗಾಯವೋ ಇದೆಯೇ ಎಂದು ತಡವಲು ಎಡಗೈ. ಅವರ ಬಲ ಅಂಗೈ ಸುಟ್ಟು ನುಣುಪಾಗಿದೆ, ಅದಕ್ಕೆ ಬಿಸಿಯೂ ತಿಳಿಯದು ಚುಚ್ಚಿದ್ದೂ ತಿಳಿಯದು. ಆ ಕೈಯ ಕಥೆಯನ್ನು ಮುಂದೆ ಹೇಳುತ್ತೇನೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಜಯಂತ್ ಕರಿಯನನ್ನು ಕಾರಿನಲ್ಲಿ ಕರೆತಂದ. ಉಳಿದ ದಿನ ಅವನು ಕಾರ್ಖಾನೆಯ ಗೋಡೆಯ ಪಕ್ಕದ ಮೈದಾನದಲ್ಲಿ ನಡೆಸುತ್ತಿದ್ದ, ಅಲ್ಲಿಯದು ಕೆಂಪು ಮಣ್ಣು. ಅಂದು ಬಂದದ್ದು ಕಪ್ಪು ಕೆಸರು, ಕೊಳೆತ ಕೆರೆಯ ವಾಸನೆ. ಕತ್ತು, ಮುಖ, ಎದೆ, ಭುಜ ಎಲ್ಲ ಮೆತ್ತಿತ್ತು. ಪಂಜಗಳಲ್ಲಿ ಮಾತ್ರ ಅಷ್ಟಿರಲಿಲ್ಲ. ಕೆಸರು ಮೇಲಿಂದ ಕೆಳಕ್ಕೆ ಇಳಿದಿತ್ತು.

ಸುಭದ್ರಮ್ಮ ನಾರು ಹಿಡಿದು ಕತ್ತಿನ ಬಳಿ ಉದುರಿಸಿದಾಗ ಕರಿಯ ನಡುಗಿತು, ಆದರೆ ಸದ್ದು ಮಾಡಲಿಲ್ಲ. ಎಡಗೈ ಬೆರಳು ಒಂದು ತೂತಿನೊಳಗೆ ಹೋಯಿತು. ಬೆರಳಿನ ಮೊದಲ ಗೆಣ್ಣಿನವರೆಗೂ ಹೋಯಿತು. ಚೊಂಬಿನ ನೀರು ಕಪ್ಪಾಗಿ, ಆಮೇಲೆ ಕೆಂಪಾಯಿತು.

"ಬೀದಿ ನಾಯಿ ಹಿಂಡು ಮೇಲೆ ಬಿದ್ಬಿಡ್ತು ಸುಭದ್ರಮ್ಮ," ಎಂದ ಜಯಂತ್. "ಏಳೆಂಟಿದ್ವು. ಅಪ್ಪಂಗೆ ಹೇಳ್ಬೇಡಿ, ಹಾರ್ಟ್ ಪೇಷಂಟು."

"ಬೀದಿ ನಾಯಿ ಹಿಂದಿನ ಕಾಲಿಗಿ ಕಡಿತಾವ್ರಿ ಅಣ್ಣಾರ. ಇದು ಗಂಟಲಿಗೇ ಬಾಯಿ ಹಾಕ್ಯಾದ."

"ನಾಯಿಗೇನು ರೂಲ್ಸ್ ಇರುತ್ತಾ? ತೊಳೀರಿ."

ಅವರು ತೊಳೆದರು. ಬೇವಿನ ಸೊಪ್ಪು ಕುದಿಸಿದ ನೀರು, ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನ. ಮನೆಯಿಂದ ತನ್ನ ಹಳೆಯ ಸೀರೆ ಹರಿದು ತಂದು ಕಟ್ಟಿದರು. ಗಾಯ ಕಾಣದಿರಲೆಂದು ಜಯಂತ್ ಅದರ ಮೇಲೆ ನಾಯಿಗೆ ತೊಡಿಸುವ ದಪ್ಪ ಅಂಗಿ ಹಾಕಿದ. ಕಿಟಕಿಯಿಂದ ನೋಡಿದ ಅನಂತರಾಮು ಅವರಿಗೆ ನಗು ಬಂತು. "ಏನಪ್ಪಾ ಕರಿಯ, ಸೂಟು ಹೊಲಿಸ್ಕೊಂಡ್ಯಾ? ಎಲ್ಲಿಗೆ ಆಫೀಸಿಗಾ?" ಎಂದರು.

ಹನ್ನೆರಡು ದಿನದಲ್ಲಿ ಗಾಯ ಮಾಯಿತು. ಹದಿನೈದನೆಯ ದಿನ ಮತ್ತೆ ಕಪ್ಪು ಕೆಸರು. ಆಮೇಲೆ ಮೂರನೆಯ ಸಲ. ಪ್ರತಿ ಸಲವೂ ಬೀದಿ ನಾಯಿಗಳ ಹಿಂಡು, ಪ್ರತಿ ಸಲವೂ ಭಾನುವಾರ. ಜಯಂತ್‌ಗೆ ಸಂತೋಷವಾಗಿತ್ತು. "ನಿಮ್ಮ ಕೈಯಲ್ಲಿ ಏನೋ ಇದೆ ಕಣ್ರೀ. ಡಾಕ್ಟ್ರಿಗಿಂತ ಬೇಗ ವಾಸಿ ಮಾಡ್ತೀರ."

ಸಂಜೆ ವಠಾರಕ್ಕೆ ಬಂದಾಗ ಸುಭದ್ರಮ್ಮನ ಕೈ ಹಳದಿಯಾಗಿರುತ್ತಿತ್ತು. ಎದುರು ಕೋಣೆಯ ಕಾವೇರಿ, ಅವರ ಊರಿನ ಕಡೆಯವಳೇ, ನೋಡಿ ರೇಗಿಸುತ್ತಿದ್ದಳು. "ಏನಕ್ಕಾ, ಮದಿಮಗಗ ಅರಿಷಿಣ ಹಚ್ಚಿ ಬಂದಿಯೇನು? ಅಕ್ಕಿಕಾಳು ಹಾಕೂದು ಯಾವಾಗ, ಹೇಳು. ಸೀರಿ ತರತೀನಿ."

"ಹೆಣ್ಣು ಸಿಗವಲ್ದು," ಎನ್ನುತ್ತಿದ್ದರು ಸುಭದ್ರಮ್ಮ. "ನಿನ್ನ ಹಂಗ ಬಾಯಿ ಇದ್ದಾಕಿ ಬ್ಯಾಡ ಅಂತದ."

ನಾಲ್ಕನೆಯ ಸಲದ ಭಾನುವಾರ ಬೆಳಿಗ್ಗೆ ಐದೂವರೆಗೆ ಜಯಂತ್ ವಠಾರದ ಬಾಗಿಲಿಗೆ ಕಾರು ತಂದ. ಕಾರಿನಲ್ಲಿ ವಾಸನೆ ಎಂದು ಅಂಬುಜಾ ಅವರು ಗದ್ದಲ ಮಾಡಿದ್ದರಂತೆ. "ಕೆರೆ ಹತ್ರಾನೇ ತೊಳೆದು ಕರ್ಕೊಂಡ್ ಬಂದ್ಬಿಡೋಣ, ಬನ್ನಿ," ಎಂದ. ಸುಭದ್ರಮ್ಮ ಬಕೆಟ್, ನಾರು, ಗೋಣಿಚೀಲ, ಅರಿಶಿನದ ಡಬ್ಬಿ ಹಿಡಿದು ಹಿಂದಿನ ಸೀಟಿನಲ್ಲಿ ಕರಿಯನ ಪಕ್ಕ ಕುಳಿತರು. ಕೆರೆಯ ಹತ್ತಿರ ನಡೆಸುತ್ತಾನೆ, ಅಲ್ಲಿ ಬೀದಿ ನಾಯಿಗಳಿವೆ, ತಾನೊಂದು ಕೋಲು ತರಬೇಕಿತ್ತು ಎಂದು ದಾರಿಯುದ್ದಕ್ಕೂ ಅಂದುಕೊಂಡರಂತೆ. ಈ ಮಾತನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ.

ಕೆ.ಆರ್. ಪುರ ದಾಟಿ ಒಂದು ಅರ್ಧ ಬತ್ತಿದ ಕೆರೆ. ಅದರ ಅಂಚಿನಲ್ಲಿ ಕಟ್ಟಡ ಏಳದೆ ನಿಂತ ಸೈಟು. ಸುತ್ತಲೂ ಕಬ್ಬಿಣದ ತಗಡು ನಿಲ್ಲಿಸಿ ಒಳಗೆ ಒಂದು ಕೋಣೆಯಷ್ಟು ಜಾಗ ಮಾಡಿದ್ದರು. ಮೂವತ್ತು ಜನ ಗಂಡಸರಿದ್ದರು. ಜಯಂತ್‌ನ ಗೆಳೆಯ ಶ್ರೀಹರಿ ಬಾಗಿಲು ಕಾಯುತ್ತಿದ್ದ. ಸುಭದ್ರಮ್ಮನನ್ನು ನೋಡಿ ಅವನು ನಕ್ಕ. "ಇವ್ರೇನಾ ಮಗಾ ನಿನ್ನ ಡಾಕ್ಟ್ರು? ನಮಸ್ಕಾರ ಆಂಟಿ. ನಿಮ್ಮ ಅರಿಶಿನದ ಹೆಸರು ಇಲ್ಲೆಲ್ಲಾ ಫೇಮಸ್ಸು."

ಎದುರಿನ ಮೂಲೆಯಲ್ಲಿ ಕಂದು ಬಣ್ಣದ ನಾಯಿಯೊಂದನ್ನು ಇಬ್ಬರು ಹಿಡಿದಿದ್ದರು. ಯಾರೋ ಒಬ್ಬ ಶಿಳ್ಳೆ ಹಾಕಿದ. ಎರಡನ್ನೂ ಬಿಟ್ಟರು.

ನಾಯಿಗಳು ಬೊಗಳಲಿಲ್ಲ. ಅದೇ ಸುಭದ್ರಮ್ಮನನ್ನು ಮೊದಲು ಹೆದರಿಸಿದ್ದು. ಊರಿನಲ್ಲಿ ನಾಯಿಗಳು ಜಗಳಾಡಿದರೆ ಕೇರಿಯೆಲ್ಲ ಎದ್ದು ಕೂರುತ್ತಿತ್ತು. ಇಲ್ಲಿ ಮೂಗಿನಿಂದ ಬರುವ ಉಸಿರು, ತಗಡಿಗೆ ಮೈ ಬಡಿಯುವ ಸದ್ದು, ಅಷ್ಟೇ. ಕಂದು ನಾಯಿ ಕರಿಯನ ಬಲಗಡೆಯ ಕಿವಿಗೆ ಬಾಯಿ ಹಾಕಿ ತಲೆ ಒದರಿತು. ಕಿವಿ ಸೀಳಿ ಎರಡಾಯಿತು. ಕರಿಯ ತಗ್ಗಿ ಅದರ ಮುಂಗಾಲು ಹಿಡಿಯಿತು. ಎಲುಬು ಮುರಿದದ್ದು ಒಣ ಕಟ್ಟಿಗೆ ಮುರಿದಂತೆ ಕೇಳಿಸಿತು. ಗಂಡಸರು ತಗಡು ಬಡಿದರು. ಕಂದು ನಾಯಿ ಮೂರು ಕಾಲಿನಲ್ಲೇ ತಿರುಗಿ ಕರಿಯನ ಬಲ ಮುಂಗಾಲಿನ ಮಂಡಿಗೆ ಹಲ್ಲು ಇಳಿಸಿತು. ಎರಡೂ ಹಾಗೇ ಕಚ್ಚಿ ಹಿಡಿದು ನಿಂತವು, ಒಂದನ್ನೊಂದು ಆನಿಕೊಂಡವರಂತೆ. ಜಯಂತ್ ಬಾಗಿ ಕರಿಯನ ಬೆನ್ನಿಗೆ ಸರಪಳಿಯಿಂದ ಹೊಡೆದ. "ಹಿಡಿ. ಹಿಡಿ ನನ್ಮಗನೆ. ಗಂಟಲು ಹಿಡಿ." ಕರಿಯ ಕಾಲು ಬಿಟ್ಟು ಗಂಟಲು ಹಿಡಿಯಿತು.

ಸುಭದ್ರಮ್ಮ ತಗಡು ದಾಟಲು ನೋಡಿದರು. ಶ್ರೀಹರಿ ಸೆರಗು ಹಿಡಿದು ಹಿಂದಕ್ಕೆ ಎಳೆದ. "ಆಂಟಿ, ಒಳಗೆ ಹೋದ್ರೆ ನಿಮ್ಮನ್ನೂ ಹೊಲೀಬೇಕಾಗುತ್ತೆ."

ಮುಗಿದ ಮೇಲೆ ಕಂದು ನಾಯಿಯ ಒಡೆಯ ಅದನ್ನು ಹಿಂಗಾಲು ಹಿಡಿದು ಜೊಂಡಿನ ಕಡೆಗೆ ಎಳೆದುಕೊಂಡು ಹೋದ. ಅದರ ಹೊಟ್ಟೆ ಇನ್ನೂ ಏರಿ ಇಳಿಯುತ್ತಿತ್ತು. ಅವನು ಒಂದು ಸೈಜುಗಲ್ಲು ಎತ್ತಿದ್ದನ್ನು ಸುಭದ್ರಮ್ಮ ನೋಡಿದರು. ಬಿದ್ದದ್ದನ್ನು ನೋಡಲಿಲ್ಲ, ಕೇಳಿದರು.

ಜಯಂತ್ ಕೆರೆಯಿಂದ ಎರಡು ಕೈ ತುಂಬ ಕೆಸರು ತಂದು ಕರಿಯನ ಕತ್ತಿಗೆ ಮೆತ್ತಿದ. "ರಕ್ತ ನಿಲ್ಲುತ್ತೆ. ದಾರೀಲಿ ಯಾರಾದ್ರೂ ನೋಡಿದ್ರೂ ಕೆರೆಗೆ ಬಿದ್ದ ನಾಯಿ ಅನ್ಕೋತಾರೆ. ಸ್ವಲ್ಪ ಹೊತ್ತು ಬಿಟ್ಟು ತೊಳೀರಿ."

"ಬೇಗ ರೆಡಿ ಮಾಡಿ ಆಂಟಿ," ಎಂದ ಶ್ರೀಹರಿ. "ಬರೋ ಭಾನುವಾರ ಹೊರಗಿನವರ ನಾಯಿ ಬರ್ತಿದೆ. ಇದರ ಒಂದೂವರೆಯಷ್ಟಿದೆ. ಈ ಸಲ ಬಿಡಿಸೋದಿಲ್ಲ. ಒಂದು ಉಳಿಯೋವರೆಗೂ."

ಕರಿಯ ಬಲಗಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಸುಭದ್ರಮ್ಮ ಎಡಗೈಯಿಂದ ತಡವಿದರು. ಮಂಡಿಯ ಹಿಂದಿನ ನರ ಹರಿದು ಒಳಗೆ ಸುರುಳಿಯಾಗಿತ್ತು. ಈ ಕಾಲಿನಲ್ಲಿ ಏಳು ದಿನದ ನಂತರ ಅದನ್ನು ತಗಡಿನೊಳಗೆ ಬಿಟ್ಟರೆ ಅದು ತಿರುಗಿ ಬರುವುದಿಲ್ಲ. ಇದಕ್ಕೆ ಡಾಕ್ಟರು ಬೇಕಿರಲಿಲ್ಲ.

ಸೋಮವಾರ ಅವರು ಸಂದಿಯಲ್ಲಿ ಜಯಂತ್‌ಗೆ ಹೇಳಿದರು. "ಅಣ್ಣಾರ, ಇದನ್ನ ಒಯ್ಯಬ್ಯಾಡ್ರಿ. ಒಯ್ದ್ರ ನಾ ಸಾಹೇಬ್ರಿಗಿ ಹೇಳ್ತೀನಿ."

ಜಯಂತ್ ಕೂಗಾಡಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ ಸರಪಳಿ ತೆಗೆದುಕೊಂಡು ಕರಿಯನ ಬೆನ್ನಿಗೆ ನಾಲ್ಕು ಸಲ ಹೊಡೆದ. ಪ್ರತಿ ಸಲವೂ ನಡುವೆ ಸ್ವಲ್ಪ ನಿಲ್ಲಿಸಿ, ಸುಭದ್ರಮ್ಮನ ಮುಖ ನೋಡಿ ಹೊಡೆದ. ಕರಿಯ ನೆಲಕ್ಕೆ ಚಪ್ಪಟೆಯಾಗಿ ಬಿದ್ದು, ಬಿದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು.

"ಬಾಯಿ ನಿಂದು, ಮೈ ಇದರದ್ದು," ಎಂದ ಅವನು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವನು ಅಂದು ನೀನು ಎಂದ. "ನೀನು ಎಷ್ಟು ಮಾತಾಡ್ತೀಯೋ ಅಷ್ಟು ಇದು ತಿನ್ನುತ್ತೆ. ಲೆಕ್ಕ ನೀನೇ ಇಟ್ಕೋ."

ಆ ವಾರ ಸುಭದ್ರಮ್ಮ ಒಂದು ತಪ್ಪು ಮಾಡಿದರು. ಅದನ್ನು ತಪ್ಪು ಎಂದು ಕರೆದದ್ದು ಅವರೇ. ಅರಿಶಿನ ಹಚ್ಚುವುದನ್ನು ನಿಲ್ಲಿಸಿಬಿಟ್ಟರು. ಹಚ್ಚದಿದ್ದರೆ ಗಾಯ ಮಾಯುವುದಿಲ್ಲ, ಮಾಯದಿದ್ದರೆ ಕರೆದೊಯ್ಯುವುದಿಲ್ಲ ಎಂಬುದು ಅವರ ಲೆಕ್ಕ. ನೀರಿನಲ್ಲಿ ತೊಳೆದು ಸುಮ್ಮನೆ ಬಿಟ್ಟರು. ಗುರುವಾರದ ಹೊತ್ತಿಗೆ ಕತ್ತಿನ ತೂತುಗಳು ಕೀವು ತುಂಬಿ ಉಬ್ಬಿದವು. ಕರಿಯನ ಮೂಗು ಸುಡುತ್ತಿತ್ತು. ಅನ್ನ ಮುಟ್ಟಲಿಲ್ಲ. ಅವರು ಕೈ ಚಾಚಿದರೆ ಮಾತ್ರ ಸುಟ್ಟ ಅಂಗೈಯನ್ನು ನೆಕ್ಕುತ್ತಿತ್ತು, ಆ ನೆಕ್ಕುವುದೂ ಅವರಿಗೆ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು.

ಜಯಂತ್ ಬಂದು ನೋಡಿದ. "ಜ್ವರ ಬಂದ್ರೂ ಹೋಗ್ಬೇಕು. ಮಾತು ಕೊಟ್ಟಾಗಿದೆ. ಸೋತು ಸತ್ರೆ ಸಾಯ್ಲಿ, ಹೆದರಿ ತರಲಿಲ್ಲ ಅಂತ ಅನ್ನಿಸ್ಕೊಳೋಕಾಗಲ್ಲ."

ಅಂದು ಸಂಜೆ ಸುಭದ್ರಮ್ಮ ಕಾವೇರಿಯ ಬಾಗಿಲಲ್ಲಿ ಕುಳಿತು ಎಲ್ಲವನ್ನೂ ಹೇಳಿದರು. ಕಾವೇರಿ ಜೋಳದ ಹಿಟ್ಟು ನಾದುತ್ತಿದ್ದಳು. ಅವಳು ರೇಗಿಸಲಿಲ್ಲ.

ಇಲ್ಲಿ ಆ ಕೈಯ ಕಥೆ ಹೇಳಬೇಕು. ಸುಭದ್ರಮ್ಮನ ಗಂಡ ನಿಂಗಣ್ಣ ಗಾರೆ ಕೆಲಸದವನು. ಹೆಂಡತಿಗೆ ಹೊಡೆಯುತ್ತಿದ್ದ, ಒಂಬತ್ತು ವರ್ಷ ಹೊಡೆದ. ಬೆಲ್ಟಿನಿಂದ, ಕರಣೆಯ ಹಿಡಿಯಿಂದ, ಒಂದು ಸಲ ಹಸಿ ಇಟ್ಟಿಗೆಯಿಂದ. ಪ್ರತಿ ಸಲವೂ ವಠಾರದ ಹೆಂಗಸರು ಅವರನ್ನು ಒಳಗೆ ಕರೆದು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟು, ಒಡೆದಲ್ಲಿ ಅರಿಶಿನ ಹಚ್ಚಿ, ತಲೆ ಬಾಚಿ, ಕತ್ತಲಾಗುವ ಮುಂಚೆ ಅದೇ ಕೋಣೆಗೆ ಕಳಿಸುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ರೊಟ್ಟಿ ಬೇಯಿಸುವಾಗ ಅವನು ಜುಟ್ಟು ಹಿಡಿದು ಎಳೆದ. ಸುಭದ್ರಮ್ಮ ಒಲೆಯ ಮೇಲಿನ ಕಾದ ಹಂಚನ್ನು ಬರಿಗೈಯಲ್ಲಿ ಎತ್ತಿ ಅವನ ಮುಖಕ್ಕೆ ಬಡಿದರು. ಅಂಗೈಯ ಚರ್ಮ ಹಂಚಿಗೆ ಅಂಟಿಕೊಂಡು ಹೋಯಿತು. ನಿಂಗಣ್ಣ ಆ ಸುಟ್ಟ ಮುಖ ಹೊತ್ತುಕೊಂಡು ಓಣಿಯ ತುದಿಯವರೆಗೆ ಕಿರುಚುತ್ತ ಓಡಿದ. ಎಲ್ಲರೂ ನೋಡಿದರು. ಮತ್ತೆ ಅವನು ಈ ಓಣಿಗೆ ಬರಲಿಲ್ಲ.

ಕಾವೇರಿ ಹಿಟ್ಟಿನಿಂದ ಕೈ ತೆಗೆದು ಹೇಳಿದಳು. "ಅಕ್ಕಾ, ನಾವೂ ನಿನಗ ಹಂಗೇ ಮಾಡಿದ್ವಿ. ಅರಿಷಿಣ ಹಚ್ಚಿ ಹಚ್ಚಿ ಒಳಗ ಕಳಿಸಿದ್ವಿ. ಒಂದ ಸಲನಾದ್ರೂ ನಿನ್ನ ಓಣ್ಯಾಗ ಕುಂದರಸಿ, ನೋಡ್ರಪ್ಪೋ ಅಂತ ತೋರ್ಸಬೇಕಿತ್ತು."

ಸುಭದ್ರಮ್ಮ ಎದ್ದು ಹೋಗಿ ಅರಿಶಿನದ ಡಬ್ಬಿ ತುಂಬಿಸಿಕೊಂಡರು.

ಶನಿವಾರ ಬೆಳಿಗ್ಗೆ ಏಳೂಕಾಲಿಗೆ ಜಯಂತ್ ಕರಿಯನನ್ನು ಮೈದಾನದಿಂದ ಎಳೆದು ತಂದ. ಕೀವಿನ ವಾಸನೆ ಮನೆಯೊಳಗೆ ಬರಬಾರದೆಂದು ಅಲ್ಲಿಯ ಕೆಂಪು ಕೆಸರನ್ನೇ ಕತ್ತಿನಿಂದ ಬಾಲದವರೆಗೆ ಮೆತ್ತಿದ್ದ. "ತೊಳೆಯೋದು ಬೇಡ. ಹೀಗೇ ಇರ್ಲಿ, ಮೇಲೆ ಕಟ್ಟಿಬಿಡು," ಎಂದು ಹೇಳಿ ಸ್ನಾನಕ್ಕೆ ಹೋದ.

ಸುಭದ್ರಮ್ಮ ಮೆಟ್ಟಿಲ ಕಡೆಗೆ ತಿರುಗಲಿಲ್ಲ. ಕರಿಯನ ಎದೆಯ ಕೆಳಗೆ ಕೈ ಕೊಟ್ಟು, ಮನೆಯ ಮುಂದಕ್ಕೆ ಸುತ್ತಿ ಬಂದು, ಮುಂಬಾಗಿಲ ರಂಗೋಲಿ ತುಳಿದು, ಹೊಸ್ತಿಲು ದಾಟಿ ಹಾಲ್‌ನ ನಡುವೆ ನಿಲ್ಲಿಸಿದರು. ಬಿಳಿ ಕಲ್ಲಿನ ಮೇಲೆ ಕೆಂಪು ಪಂಜದ ಗುರುತು ಬಾಗಿಲಿನಿಂದ ಅಲ್ಲಿಯವರೆಗೂ ಬಿದ್ದಿತು. ಬಕೆಟ್ ತಂದು ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತರು.

ಅನಂತರಾಮು ಅವರು ಪೇಪರ್ ಓದುತ್ತಿದ್ದರು. ಅಂಬುಜಾ ಅವರು ದೇವರ ಮನೆಯಿಂದ ಒದ್ದೆ ಸೀರೆಯಲ್ಲೇ ಹೊರಗೆ ಬಂದರು. "ಸುಭದ್ರಾ, ತಲೆ ಕೆಟ್ಟಿದ್ಯಾ ನಿಂಗೆ? ಮಡೀಲಿದೀನಿ. ಮೊದ್ಲು ಆಚೆ ಕರ್ಕೊಂಡ್ ಹೋಗು."

"ಇವತ್ತ ಇಲ್ಲೇ ತೊಳಿತೀನ್ರಿ ಅಮ್ಮಾರ. ಸಾಹೇಬ್ರ ಮುಂದ."

"ಏನಮ್ಮಾ ಇದು," ಎಂದರು ಅನಂತರಾಮು, ಪೇಪರ್ ಮಡಿಸುತ್ತ.

ಸುಭದ್ರಮ್ಮ ಮಾತಾಡಲಿಲ್ಲ. ಮಾತಾಡಿದರೆ ಕರಿಯ ಏಟು ತಿನ್ನುತ್ತದೆ ಎಂದು ಅವರಿಗೆ ನೆನಪಿತ್ತು. ನಾರು ಬಿಟ್ಟು ಒದ್ದೆ ಬಟ್ಟೆ ತೆಗೆದುಕೊಂಡು ಕಿವಿಯಿಂದ ಆರಂಭಿಸಿದರು. ಸೀಳಿದ ಕಿವಿ ಹೊರಗೆ ಬಂತು. ಬಟ್ಟೆ ಹಿಂಡಿದರು. ಕತ್ತು. ಒಂದು ತೂತು, ಎರಡು, ಐದು. ಐದನೆಯದರಿಂದ ಕೀವು ಒಡೆದು ಬಿಳಿ ಕಲ್ಲಿನ ಮೇಲೆ ಇಳಿಯಿತು. ಅಂಬುಜಾ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಒರಗಿದರು. ಭುಜ. ಎದೆ. ಬಲಗಾಲಿನ ಮಂಡಿ. ಕರಿಯ ನಡುಗುತ್ತ ನಿಂತಿತ್ತು, ಸದ್ದು ಮಾಡಲಿಲ್ಲ.

ಅನಂತರಾಮು ಅವರು ಪೇಪರ್ ಓದುವ ಭೂತಗನ್ನಡಿ ಹಿಡಿದು ನಿಧಾನವಾಗಿ ನೆಲಕ್ಕೆ ಕುಳಿತರು. ಅವರು ನೆಲಕ್ಕೆ ಕುಳಿತು ಎರಡು ವರ್ಷವಾಗಿತ್ತು. ಒಂದೊಂದೇ ಗಾಯದ ಮೇಲೆ ಕನ್ನಡಿ ಇಟ್ಟರು. ಕಾರ್ಖಾನೆಯಲ್ಲಿ ಹೇಳುತ್ತಿದ್ದಂತೆ ಒಂದೊಂದನ್ನೂ ಮೆಲ್ಲಗೆ ಬಾಯಲ್ಲಿ ಹೇಳಿದರು. "ಇದು ಹಲ್ಲು. ಹಳೇದು. ಇದು ಹಲ್ಲು, ಹೊಸದು." ಸುಭದ್ರಮ್ಮ ಬೆನ್ನು ಒರೆಸಿದಾಗ ಉದ್ದನೆಯ ಗೆರೆಗಳು ಕಂಡವು. ಅವರು ಬಹಳ ಹೊತ್ತು ನೋಡಿದರು. "ಇದು ಹಲ್ಲಲ್ಲ," ಎಂದರು.

ಅಷ್ಟರಲ್ಲಿ ಜಯಂತ್ ತಲೆ ಒರೆಸಿಕೊಳ್ಳುತ್ತ ಬಂದ. ನೆಲ ನೋಡಿದ, ತಂದೆಯನ್ನು ನೋಡಿದ. ಸಂದಿಗೆ ಓಡಿ ಸರಪಳಿ ತಂದ.

"ಹೇಳಿದ್ದೆ ನಾನು ನಿಂಗೆ," ಎಂದು ಸರಪಳಿ ಬೀಸಿದ.

ಬೀಸಿದ್ದು ನಾಯಿಗೆ. ಸುಭದ್ರಮ್ಮ ಬಲಗೈ ಅಡ್ಡ ಕೊಟ್ಟರು. ಮಣಿಕಟ್ಟಿನ ಎಲುಬು ಮುರಿದ ಸದ್ದು ಅಂಬುಜಾ ಅವರಿಗೆ ಗೋಡೆಯ ಬಳಿಗೂ ಕೇಳಿಸಿತಂತೆ. ಅವನು ಎರಡನೆಯ ಸಲ ಬೀಸಿದ. ಅದು ಭುಜಕ್ಕೆ ಬಿತ್ತು, ರವಿಕೆ ಹರಿದು ರಕ್ತ ಬಂತು. ಸುಭದ್ರಮ್ಮ ಕರಿಯನ ಮೇಲೆ ಬಾಗಿ ಮಲಗಿದರು. ಮೂರನೆಯ ಏಟು ಬೀಳುವ ಮುಂಚೆ ಅಂಬುಜಾ ಅವರು ಒದ್ದೆ ಸೀರೆಯಲ್ಲೇ, ಮಡಿಯಲ್ಲೇ ಬಂದು, ಮಗನ ಕೈಯನ್ನು ಎರಡೂ ಕೈಯಿಂದ ಹಿಡಿದು ಅದಕ್ಕೆ ಹಲ್ಲು ಊರಿದರು. ಸರಪಳಿ ನೆಲಕ್ಕೆ ಬಿತ್ತು.

ಅನಂತರಾಮು ಅವರು ಅದನ್ನು ಎತ್ತಿಕೊಂಡರು. ಅದರ ಕೊಂಡಿಗಳನ್ನು ಕರಿಯನ ಬೆನ್ನಿನ ಒಂದು ಗೆರೆಯ ಮೇಲೆ ಮೆಲ್ಲಗೆ ಇಟ್ಟು ನೋಡಿದರು. ಕೊಂಡಿಗೆ ಕೊಂಡಿ ಸರಿಯಾಗಿ ಕೂತಿತು. ಎರಡನೆಯ ಗೆರೆಯ ಮೇಲೂ ಇಟ್ಟು ನೋಡಿದರು. ಆಮೇಲೆ ಕುರ್ಚಿ ಹಿಡಿದು ಎದ್ದು, ಸರಪಳಿಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು, ಮಗನ ಮುಖದ ಮಟ್ಟಕ್ಕೆ ಎತ್ತಿದರು. ಎಂದೂ ಕೈ ಎತ್ತದವರು. ಜಯಂತ್ ಗೋಡೆಯವರೆಗೂ ಹಿಂದೆ ಸರಿದ.

ಸರಪಳಿ ಮೇಲೆದ್ದ ಸದ್ದಿಗೆ ಕರಿಯ ಸುಭದ್ರಮ್ಮನ ಕೆಳಗಿಂದ ಜಾರಿ ನೆಲಕ್ಕೆ ಚಪ್ಪಟೆಯಾಯಿತು. ಬಿಳಿ ಕಲ್ಲಿನ ಮೇಲೆ ಉಚ್ಚೆ ಹರಿದು ಅನಂತರಾಮು ಅವರ ಪಾದಕ್ಕೆ ಬಂತು. ಅವರು ಕೆಳಗೆ ನೋಡಿದರು. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಸದ್ದಾಗದಂತೆ ಸರಪಳಿಯನ್ನು ಟೀಪಾಯಿಯ ಮೇಲೆ, ಪೇಪರಿನ ಮೇಲೆ ಇಟ್ಟರು.

"ನಾಳೆ ಎಷ್ಟು ಹೊತ್ತಿಗೆ, ಎಲ್ಲಿ ಸೇರ್ತಾರೆ?" ಎಂದು ಕೇಳಿದರು. ಸುಭದ್ರಮ್ಮ ಹೇಳಿದರು. ಜಯಂತ್ ಬಾಯಿ ತೆರೆದಾಗ ಅವರು ಅವನ ಕಡೆ ನೋಡಲಿಲ್ಲ. "ನಿನ್ನ ಕೇಳಲಿಲ್ಲ," ಎಂದು ಫೋನ್ ತೆಗೆದುಕೊಂಡರು.

ಭಾನುವಾರ ಬೆಳಿಗ್ಗೆ ಪೊಲೀಸರು ಕೆರೆಯ ಬಳಿ ಹನ್ನೊಂದು ಜನರನ್ನು ಹಿಡಿದರು. ಶ್ರೀಹರಿ ಜೊಂಡಿನಲ್ಲಿ ಓಡುವಾಗ ಬಿದ್ದು ಹಲ್ಲು ಮುರಿದುಕೊಂಡ. ಜಯಂತ್ ಹೆಸರೂ ಕೇಸಿನಲ್ಲಿದೆ, ಹೆಸರು ಕೊಟ್ಟದ್ದು ತಂದೆಯೇ. ಅವನು ಈಗ ಲಿಂಗರಾಜಪುರದಲ್ಲಿ ಸೋದರಮಾವನ ಮನೆಯಲ್ಲಿದ್ದಾನೆ.

ಕರಿಯನನ್ನು ಕಮ್ಮನಹಳ್ಳಿಯಲ್ಲಿ ಪ್ರಾಣಿಗಳ ಡಾಕ್ಟರು ಶಿರೀನ್ ಎಂಬವರು ನೋಡಿದರು. ನಲವತ್ತಮೂರು ಗುರುತು ಎಣಿಸಿ ಬರೆದುಕೊಂಡರು. ಇನ್ನೊಂದು ದಿನ ತಡವಾಗಿದ್ದರೆ ಕೀವು ರಕ್ತಕ್ಕೆ ಸೇರುತ್ತಿತ್ತು ಎಂದರು. ಅರಿಶಿನ ನಿಲ್ಲಿಸಿದ ವಿಷಯವನ್ನು ಸುಭದ್ರಮ್ಮ ಅವರಿಗೆ ತಾವಾಗಿಯೇ ಹೇಳಿದರು. ಡಾಕ್ಟರು ಅವರ ಕಟ್ಟು ಹಾಕಿದ ಕೈ ನೋಡಿ, "ನಿಮ್ದಕ್ಕೆ ಯಾರು ಹಚ್ತಾರಮ್ಮಾ?" ಎಂದು ಕೇಳಿದರಂತೆ. ಕಾವೇರಿ ಹಚ್ಚಿದಳು, ಭುಜಕ್ಕೆ. ಈ ಸಲ ಒಳಗೆ ಕೂರಿಸಿಕೊಂಡು ಹಚ್ಚಲಿಲ್ಲ. ವಠಾರದ ನಡುವಿನ ಕಟ್ಟೆಯ ಮೇಲೆ ಎಲ್ಲರ ಎದುರು ಕೂರಿಸಿ ಹಚ್ಚಿದಳು.

ಅಂಬುಜಾ ಅವರು ಮೂರು ತಿಂಗಳಿಂದ ಸುಭದ್ರಮ್ಮನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. "ನನ್ನ ಮಗನ್ನ ಮನೆ ಬಿಡಿಸಿದಳು," ಎಂದು ಪಕ್ಕದ ಮನೆಯವರ ಹತ್ತಿರ ಒಮ್ಮೆ ಹೇಳಿದ್ದಾರೆ. ಆದರೆ 'ಬರಬೇಡ' ಎಂದು ಒಂದು ದಿನವೂ ಹೇಳಿಲ್ಲ. ಸಂದಿಯ ನಲ್ಲಿಗೆ ಒಂದು ಪೈಪು ಹಾಕಿಸಿ ಮುಂಬಾಗಿಲ ಜಗುಲಿಗೆ ತಂದಿದ್ದಾರೆ. ಗೋಣಿಚೀಲವೂ ಈಗ ಅಲ್ಲೇ ಇದೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ.

ಸರಪಳಿ ಪೊಲೀಸರ ಹತ್ತಿರ ಹೋಯಿತು. ಸುಭದ್ರಮ್ಮ ಹಳೆಯ ಸೀರೆಯ ಅಂಚನ್ನು ಹೆಣೆದು ಹಗ್ಗ ಮಾಡಿದ್ದಾರೆ. ಅದನ್ನು ಹಿಡಿದು ಅನಂತರಾಮು ಅವರೇ ಕರಿಯನನ್ನು ಮೈದಾನದ ಮೂಲೆಯವರೆಗೆ ನಡೆಸುತ್ತಾರೆ, ಇಬ್ಬರೂ ಅದಕ್ಕಿಂತ ದೂರ ಹೋಗಲಾರರು. ರಸ್ತೆಯಲ್ಲಿ ಯಾರ ಗೇಟಿನ ಚಿಲಕ ಸದ್ದಾದರೂ ಕರಿಯ ಈಗಲೂ ನೆಲಕ್ಕೆ ಚಪ್ಪಟೆಯಾಗುತ್ತದೆ. ಅದು ಏಳುವವರೆಗೆ ಅವರು ಕಾಯುತ್ತಾರೆ.

ಬಲಗಾಲು ನೆಲ ಮುಟ್ಟುವುದಿಲ್ಲ. ಹಾಗಾಗಿ ಬರುವಾಗ ಕೆಸರು ಮೂರೇ ಪಂಜಕ್ಕೆ ಇರುತ್ತದೆ, ಕೆಳಗಿನಿಂದ ಮೇಲಕ್ಕೆ, ಮೊಣಕಾಲಿನವರೆಗೆ. ಸುಭದ್ರಮ್ಮ ಎಡಗೈಯಿಂದ ತೊಳೆಯುತ್ತಾರೆ. ಮೂರನ್ನೂ ಮುಗಿಸಿ, ಕೆಸರೇ ಇಲ್ಲದ ನಾಲ್ಕನೆಯದನ್ನೂ ಚೊಂಬಿನಲ್ಲಿ ಅದ್ದಿ, ಬೆರಳ ಸಂದಿ ಬಿಡಿಸಿ ನೋಡಿ, ಒರೆಸಿ ಕೆಳಗಿಡುತ್ತಾರೆ.